ಪ್ರೌಢಶಾಲಾ ಮಕ್ಕಳ ಗೃಹಪಾಠವನ್ನು ಪೋಷಕರು ಮಾಡಿಕೊಡಬಹುದೇ? – ಕೊಪ್ಪಳ, ಗಂಗಾವತಿ, ಕುಷ್ಟಗಿ ಮತ್ತು ಯಲಬುರ್ಗಾ ಭಾಗದ ಪೋಷಕರಿಗೆ ಮಾಹಿತಿ

1. ಪೀಠಿಕೆ

ಎಂಟು, ಒಂಬತ್ತು ಮತ್ತು ಹತ್ತನೇ ತರಗತಿಗಳಲ್ಲಿ ವ್ಯಾಸಂಗ ಮಾಡುತ್ತಿರುವ ಮಕ್ಕಳಿಗೆ ಶಾಲೆಯಲ್ಲಿ ನೀಡಲಾಗುವ ಗೃಹಪಾಠ (ಹೋಂವರ್ಕ್), ಚಟುವಟಿಕೆ ಹಾಗೂ ಯೋಜನಾ ಕಾರ್ಯಗಳನ್ನು ಹಲವು ಮನೆಗಳಲ್ಲಿ ತಂದೆ-ತಾಯಿ, ಅಣ್ಣ-ಅಕ್ಕ ಅಥವಾ ಹಣ ಪಡೆದು ಮಾಡಿಕೊಡುವ ಅಂಗಡಿಯವರು ಪೂರ್ಣಗೊಳಿಸುವುದು ಕಂಡುಬರುತ್ತದೆ. ಮಗುವಿಗೆ ಕಡಿಮೆ ಅಂಕ ಬಂದೀತು, ಶಿಕ್ಷಕರು ಬೇಸರಪಟ್ಟಾರು ಎಂಬ ಕಾಳಜಿಯಿಂದಲೇ ಪೋಷಕರು ಹೀಗೆ ಮಾಡುತ್ತಾರೆ. ಆದರೆ ಇದರಿಂದ ಮಗುವಿಗೆ ಆಗುವ ಲಾಭವೆಷ್ಟು, ನಷ್ಟವೆಷ್ಟು ಎಂಬುದನ್ನು ಲೆಕ್ಕ ಹಾಕಿ ನೋಡುವುದು ಅವಶ್ಯಕ. ಸಾರ್ವಜನಿಕರ ಅನುಕೂಲಕ್ಕಾಗಿ ಈ ವಿಷಯವನ್ನು ಮುಂದಿನ ಕಂಡಿಕೆಗಳಲ್ಲಿ ವಿವರಿಸಲಾಗಿದೆ.

ಸಂಕ್ಷಿಪ್ತವಾಗಿ ಹೇಳುವುದಾದರೆ: ಪೋಷಕರು ಸಮಯ, ಸ್ಥಳ, ಸಾಮಗ್ರಿ ಮತ್ತು ಪ್ರೋತ್ಸಾಹವನ್ನು ಒದಗಿಸತಕ್ಕದ್ದು. ಉತ್ತರವನ್ನು ಮಗುವೇ ಬರೆಯತಕ್ಕದ್ದು.

2. ಗೃಹಪಾಠ ನೀಡುವ ಉದ್ದೇಶ

ತರಗತಿಯಲ್ಲಿ ಒಂದು ಪಾಠಕ್ಕೆ ದೊರೆಯುವ ಅವಧಿ ಸೀಮಿತವಾದುದು. ಶಿಕ್ಷಕರು ಫಲಕದ ಮೇಲೆ ಲೆಕ್ಕವನ್ನು ಬಿಡಿಸುವಾಗ ಎಲ್ಲವೂ ತಿಳಿದಂತೆ ತೋರುತ್ತದೆ. ಅದೇ ಲೆಕ್ಕವನ್ನು ಮಗು ಒಬ್ಬಂಟಿಯಾಗಿ ಕುಳಿತು ಬಿಡಿಸುವಾಗ ಮಾತ್ರ ಯಾವ ಹಂತದಲ್ಲಿ ತಿಳಿವಳಿಕೆ ನಿಂತಿದೆ ಎಂಬುದು ಗೊತ್ತಾಗುತ್ತದೆ. ಈ ಅಭ್ಯಾಸವೇ ಗೃಹಪಾಠದ ಮೊದಲನೆಯ ಉದ್ದೇಶ.

ಎರಡನೆಯ ಉದ್ದೇಶವು ಶಿಕ್ಷಕರಿಗೆ ಸಂಬಂಧಿಸಿದ್ದು. ಮಗು ಬರೆದು ತಂದ ಪುಸ್ತಕವನ್ನು ತಿದ್ದುವಾಗ ಯಾವ ಪಾಠವನ್ನು ಮತ್ತೊಮ್ಮೆ ಹೇಳಬೇಕು, ಯಾವ ವಿದ್ಯಾರ್ಥಿಗೆ ಪರಿಹಾರ ಬೋಧನೆ ಬೇಕು ಎಂಬುದು ಶಿಕ್ಷಕರಿಗೆ ತಿಳಿಯುತ್ತದೆ. ಪೋಷಕರು ಬರೆದುಕೊಟ್ಟ ಶುದ್ಧ ಉತ್ತರವು ಶಿಕ್ಷಕರಿಗೆ ತಪ್ಪು ಮಾಹಿತಿಯನ್ನು ನೀಡುತ್ತದೆ. ಮಗುವಿಗೆ ಪಾಠ ತಿಳಿದಿದೆ ಎಂದು ಭಾವಿಸಿ ಅವರು ಮುಂದಿನ ಪಾಠಕ್ಕೆ ಸಾಗುತ್ತಾರೆ. ವೈದ್ಯರ ಮುಂದೆ ಜ್ವರವನ್ನು ಮುಚ್ಚಿಟ್ಟರೆ ಔಷಧಿ ಹೇಗೆ ದೊರೆಯಲಾರದೋ, ಇದೂ ಹಾಗೆಯೇ.

ಮೂರನೆಯದು, ತನ್ನ ಕೆಲಸವನ್ನು ತಾನೇ ಸಕಾಲದಲ್ಲಿ ಮುಗಿಸುವ ರೂಢಿ. ಹದಿಮೂರರಿಂದ ಹದಿನಾರರ ವಯಸ್ಸಿನಲ್ಲಿ ಈ ರೂಢಿ ಬಾರದಿದ್ದಲ್ಲಿ, ಪದವಿಪೂರ್ವ ಕಾಲೇಜು, ಐ.ಟಿ.ಐ. ಅಥವಾ ಡಿಪ್ಲೊಮಾ ವ್ಯಾಸಂಗಕ್ಕಾಗಿ ಮನೆ ಬಿಟ್ಟು ಹಾಸ್ಟೆಲ್‌ಗೆ ಹೋದಾಗ ಮಗುವಿಗೆ ತೊಂದರೆಯಾಗುತ್ತದೆ.

3. ಗೃಹಪಾಠದ ಪ್ರಮಾಣ ಎಷ್ಟಿರಬೇಕು?

ಕೇಂದ್ರ ಶಿಕ್ಷಣ ಸಚಿವಾಲಯದ 2020ರ ಶಾಲಾ ಬ್ಯಾಗ್ ನೀತಿಯಲ್ಲಿ ಗೃಹಪಾಠದ ಪ್ರಮಾಣವನ್ನೂ ಸೂಚಿಸಲಾಗಿದೆ. ಅದರಂತೆ 2ನೇ ತರಗತಿಯವರೆಗೆ ಗೃಹಪಾಠ ನೀಡುವಂತಿಲ್ಲ. 3ರಿಂದ 5ನೇ ತರಗತಿಗಳಿಗೆ ವಾರಕ್ಕೆ ಗರಿಷ್ಠ 2 ಗಂಟೆ, 6ರಿಂದ 8ನೇ ತರಗತಿಗಳಿಗೆ ದಿನಕ್ಕೆ ಗರಿಷ್ಠ 1 ಗಂಟೆ, 9ನೇ ತರಗತಿ ಮತ್ತು ಮೇಲ್ಪಟ್ಟವರಿಗೆ ದಿನಕ್ಕೆ ಗರಿಷ್ಠ 2 ಗಂಟೆಯ ಕೆಲಸ ಸಾಕೆಂದು ಹೇಳಲಾಗಿದೆ. ಕರ್ನಾಟಕದಲ್ಲಿಯೂ 2019ರ ಸುತ್ತೋಲೆಯ ಮೂಲಕ ಬ್ಯಾಗಿನ ತೂಕವನ್ನು ನಿಗದಿಪಡಿಸಿ, 1 ಮತ್ತು 2ನೇ ತರಗತಿಗಳಿಗೆ ಗೃಹಪಾಠ ನೀಡದಂತೆ ಸೂಚಿಸಲಾಗಿತ್ತು.

ಪ್ರೌಢಶಾಲೆಯ ಮಗು ಪ್ರತಿದಿನ ಎರಡು ಗಂಟೆಗೂ ಹೆಚ್ಚು ಕಾಲ ಶ್ರದ್ಧೆಯಿಂದ ಕುಳಿತರೂ ಗೃಹಪಾಠ ಮುಗಿಯುತ್ತಿಲ್ಲವಾದಲ್ಲಿ, ಪೋಷಕರು ಅದನ್ನು ತಾವೇ ಬರೆದು ಮುಗಿಸುವ ಬದಲು ತರಗತಿ ಶಿಕ್ಷಕರ ಗಮನಕ್ಕೆ ತರುವುದು ಸರಿಯಾದ ಕ್ರಮ. ಕೆಲಸ ಹೆಚ್ಚಾಗಿರಬಹುದು, ಇಲ್ಲವೇ ಮಗುವಿಗೆ ಹಿಂದಿನ ಪಾಠಗಳು ತಿಳಿಯದೆ ಉಳಿದಿರಬಹುದು. ಎರಡಕ್ಕೂ ಪರಿಹಾರ ಶಾಲೆಯಲ್ಲಿಯೇ ಇದೆ.

4. ಅಂಕಗಳ ಲೆಕ್ಕ: 20 ಮತ್ತು 80

ಎಸ್.ಎಸ್.ಎಲ್.ಸಿ.ಯಲ್ಲಿ ಗಣಿತ, ವಿಜ್ಞಾನ ಮತ್ತು ಸಮಾಜ ವಿಜ್ಞಾನ ವಿಷಯಗಳಿಗೆ ತಲಾ 100 ಅಂಕಗಳಿದ್ದು, ಅವುಗಳಲ್ಲಿ 80 ಅಂಕ ಲಿಖಿತ ಪರೀಕ್ಷೆಗೂ 20 ಅಂಕ ಆಂತರಿಕ ಮೌಲ್ಯಮಾಪನಕ್ಕೂ ಸೇರಿವೆ. ಪ್ರಥಮ ಭಾಷೆಗೆ 100 ಅಂಕಗಳ ಲಿಖಿತ ಪರೀಕ್ಷೆ ಹಾಗೂ 25 ಆಂತರಿಕ ಅಂಕಗಳಿವೆ. ವರ್ಷದಲ್ಲಿ ನಡೆಯುವ ರೂಪಣಾತ್ಮಕ ಮೌಲ್ಯಮಾಪನಗಳ ಕಿರುಪರೀಕ್ಷೆ ಮತ್ತು ಚಟುವಟಿಕೆಗಳ ಆಧಾರದ ಮೇಲೆ ಆಂತರಿಕ ಅಂಕಗಳನ್ನು ಶಾಲೆಯು ನೀಡುತ್ತದೆ. ಮನೆಯಲ್ಲಿ ಮಾಡಿ ತರುವ ಯೋಜನಾ ಕಾರ್ಯವು ಇದರ ಒಂದು ಭಾಗ ಮಾತ್ರ.

ಈಗ ಲೆಕ್ಕವನ್ನು ಗಮನಿಸಿ. ಪೋಷಕರು ಬಹಳ ಶ್ರಮವಹಿಸಿ ಅಂದವಾದ ಮಾದರಿಯನ್ನೋ ಚಾರ್ಟನ್ನೋ ತಯಾರಿಸಿಕೊಟ್ಟರೆ 20ರಲ್ಲಿ ಮಗುವಿಗೆ ಹೆಚ್ಚುವರಿಯಾಗಿ ದೊರೆಯಬಹುದಾದದ್ದು ಒಂದೆರಡು ಅಂಕ. ಅದೇ ಕೆಲಸವನ್ನು ಮಗು ತಾನೇ ಮಾಡಿದ್ದರೆ ಆ ಪಾಠದ ಮೇಲೆ ಲಿಖಿತ ಪರೀಕ್ಷೆಯಲ್ಲಿ ಬರುವ ಪ್ರಶ್ನೆಗೆ ಉತ್ತರಿಸುವ ಸಾಮರ್ಥ್ಯ ಬರುತ್ತಿತ್ತು. ಜಮಾ ಬದಿಯಲ್ಲಿ ಎರಡು ಅಂಕ ಕಂಡರೂ ಖರ್ಚಿನ ಬದಿಯಲ್ಲಿ ಹೋಗಿರುವುದು 80 ಅಂಕಗಳ ಸಿದ್ಧತೆ. ಇಂತಹ ವ್ಯವಹಾರವನ್ನು ಯಾವ ವ್ಯಾಪಾರಿಯೂ ಒಪ್ಪಲಾರನು.

ಉತ್ತೀರ್ಣತೆಗೆ ಬೇಕಾದ ಕನಿಷ್ಠ ಅಂಕಗಳು ಮತ್ತು ಪರೀಕ್ಷಾ ನಿಯಮಗಳು ಕಾಲಕಾಲಕ್ಕೆ ಪರಿಷ್ಕರಣೆಗೊಳ್ಳುತ್ತವೆ. ಆದ್ದರಿಂದ ಆಯಾ ವರ್ಷದ ನಿಯಮವನ್ನು ಶಾಲೆಯ ಮುಖ್ಯೋಪಾಧ್ಯಾಯರಲ್ಲಿ ಖಚಿತಪಡಿಸಿಕೊಳ್ಳತಕ್ಕದ್ದು.

ಪರೀಕ್ಷಾ ಕೊಠಡಿಯಲ್ಲಿ ಮಗು ಒಬ್ಬಂಟಿ ಎಂಬುದನ್ನು 2024ನೇ ವರ್ಷವು ಸ್ಪಷ್ಟಪಡಿಸಿತು. ಆ ವರ್ಷದ ಎಸ್.ಎಸ್.ಎಲ್.ಸಿ. ಪರೀಕ್ಷೆ-1ರಲ್ಲಿ ಕರ್ನಾಟಕ ಶಾಲಾ ಪರೀಕ್ಷೆ ಮತ್ತು ಮೌಲ್ಯನಿರ್ಣಯ ಮಂಡಳಿಯು ಪರೀಕ್ಷಾ ಕೇಂದ್ರಗಳಲ್ಲಿ ಸಿ.ಸಿ. ಕ್ಯಾಮೆರಾ ಮೂಲಕ ವೆಬ್‌ಕಾಸ್ಟಿಂಗ್ ವ್ಯವಸ್ಥೆಯನ್ನು ಜಾರಿಗೆ ತಂದಿತು. 2023ರಲ್ಲಿ ಶೇ. 83.89ರಷ್ಟಿದ್ದ ರಾಜ್ಯದ ಫಲಿತಾಂಶವು 2024ರಲ್ಲಿ ಕೃಪಾಂಕ ನೀಡಿದ ನಂತರವೂ ಶೇ. 73.40ಕ್ಕೆ ಇಳಿಯಿತು. ಬಿಗಿಯಾದ ಮೇಲ್ವಿಚಾರಣೆಯೂ ಇದಕ್ಕೆ ಒಂದು ಕಾರಣವೆಂದು ಆಗ ಅಭಿಪ್ರಾಯಪಡಲಾಯಿತು. ಮನೆಯಲ್ಲಿ ಪರರ ಕೈಯಿಂದ ಬರೆಸಿಕೊಂಡ ಉತ್ತರವು ಕ್ಯಾಮೆರಾ ಮುಂದೆ ನೆರವಿಗೆ ಬಾರದು.

5. ಅಧ್ಯಯನಗಳು ಏನು ಹೇಳುತ್ತವೆ?

ಗೃಹಪಾಠದಲ್ಲಿ ಪೋಷಕರ ಪಾತ್ರವನ್ನು ಕುರಿತು ಅಮೆರಿಕದಲ್ಲಿ ಹಲವು ಅಧ್ಯಯನಗಳು ನಡೆದಿವೆ. ಎರಿಕಾ ಪಟಾಲ್, ಹ್ಯಾರಿಸ್ ಕೂಪರ್ ಮತ್ತು ಸಹೋದ್ಯೋಗಿಗಳು ಇಂತಹ ಅಧ್ಯಯನಗಳನ್ನು ಒಟ್ಟುಗೂಡಿಸಿ 2008ರಲ್ಲಿ ಪ್ರಕಟಿಸಿದ ವಿಮರ್ಶೆಯಂತೆ, ಪೋಷಕರ ನೆರವಿನ ಫಲವು ಮಗುವಿನ ವಯಸ್ಸು ಹಾಗೂ ನೆರವಿನ ಸ್ವರೂಪವನ್ನು ಅವಲಂಬಿಸಿರುತ್ತದೆ. ಗೃಹಪಾಠವನ್ನು ಯಾವಾಗ, ಎಲ್ಲಿ ಮಾಡಬೇಕೆಂಬ ನಿಯಮವನ್ನು ಹಾಕುವ ಪೋಷಕರ ಮಕ್ಕಳಲ್ಲಿ ಸಾಧನೆ ಉತ್ತಮವಾಗಿ ಕಂಡುಬಂದಿತು. ಚಿಕ್ಕ ಮಕ್ಕಳಿಗೆ ಉಪಯೋಗವಾದ ನೇರ ನೆರವು ಮಾಧ್ಯಮಿಕ ಹಂತದ ಮಕ್ಕಳಿಗೆ ಅಷ್ಟಾಗಿ ಉಪಯೋಗವಾಗಲಿಲ್ಲ.

ನ್ಯಾನ್ಸಿ ಹಿಲ್ ಮತ್ತು ಡಯಾನಾ ಟೈಸನ್ ಅವರ 2009ರ ವಿಮರ್ಶೆಯೂ ಇದೇ ದಿಕ್ಕಿನಲ್ಲಿದೆ. ಮಾಧ್ಯಮಿಕ ಹಂತದಲ್ಲಿ ಪೋಷಕರ ತೊಡಗುವಿಕೆಯ ಬಹುತೇಕ ವಿಧಗಳು ಮಗುವಿನ ಸಾಧನೆಗೆ ಪೂರಕವಾಗಿದ್ದರೂ, ಗೃಹಪಾಠದಲ್ಲಿ ನೆರವಾಗುವುದು ಮಾತ್ರ ಹಾಗೆ ಕಾಣಲಿಲ್ಲ. ಓದಿನ ಮಹತ್ವವನ್ನು ತಿಳಿಸುವುದು, ಮುಂದಿನ ಗುರಿಯ ಬಗ್ಗೆ ಮಾತನಾಡುವುದು, ಓದನ್ನು ಜೀವನದೊಂದಿಗೆ ಜೋಡಿಸುವುದು ಇವುಗಳಿಗೆ ಹೆಚ್ಚಿನ ಫಲ ಕಂಡುಬಂದಿತು. ಓದಿನಲ್ಲಿ ಹಿಂದಿರುವ ಮಕ್ಕಳಿಗೇ ಪೋಷಕರು ಹೆಚ್ಚು ನೆರವಾಗುವುದು ಸಹಜವಾದುದರಿಂದ ಈ ಫಲಿತಾಂಶಗಳನ್ನು ಎಚ್ಚರಿಕೆಯಿಂದ ಅರ್ಥೈಸಬೇಕಾಗುತ್ತದೆ. ಆದರೂ ಒಂದು ಅಂಶ ಸ್ಪಷ್ಟ. ಫಲ ನೀಡುವ ನೆರವಿಗೆ ಪೋಷಕರು ಹೆಚ್ಚು ಓದಿರಬೇಕೆಂಬ ನಿಯಮವಿಲ್ಲ. ಇದು ನಮ್ಮ ಜಿಲ್ಲೆಗೆ ವಿಶೇಷವಾಗಿ ಅನ್ವಯಿಸುತ್ತದೆ.

6. ಓದು-ಬರಹ ಬಾರದ ಪೋಷಕರು ಏನು ಮಾಡಬಹುದು?

2011ರ ಜನಗಣತಿಯಂತೆ ಕೊಪ್ಪಳ ಜಿಲ್ಲೆಯ ಸಾಕ್ಷರತಾ ಪ್ರಮಾಣ ಸುಮಾರು ಶೇ. 68. ಮಹಿಳೆಯರಲ್ಲಿ ಇದು ಸುಮಾರು ಶೇ. 58 ಮಾತ್ರ. ಆದುದರಿಂದ ಜಿಲ್ಲೆಯ ಅನೇಕ ಮನೆಗಳಲ್ಲಿ ಹತ್ತನೇ ತರಗತಿಗೆ ಬಂದ ಮೊದಲ ವ್ಯಕ್ತಿ ಆ ಮಗುವೇ ಆಗಿರುತ್ತದೆ. "ನಮಗ ಓದಾಕ ಬರೂದಿಲ್ಲ, ನಾವೇನ್ ಹೇಳಿಕೊಡೂದು" ಎಂದು ಇಂತಹ ಪೋಷಕರು ಹಿಂಜರಿಯುವುದುಂಟು. ಈ ಹಿಂಜರಿಕೆಗೆ ಕಾರಣವಿಲ್ಲ. ಕೆಳಗಿನ ಉದಾಹರಣೆಯನ್ನು ಗಮನಿಸಬಹುದು.

ಹತ್ತನೇ ತರಗತಿಯ ಗಣಿತದಲ್ಲಿ ಸಮಾಂತರ ಶ್ರೇಢಿ ಎಂಬ ಅಧ್ಯಾಯವಿದೆ. ಲೆಕ್ಕ ಹೀಗಿದೆ ಎಂದು ಭಾವಿಸೋಣ: ಸ್ವಸಹಾಯ ಸಂಘದ ಸದಸ್ಯೆಯೊಬ್ಬರು ಮೊದಲ ವಾರ 20 ರೂಪಾಯಿ ಉಳಿಸಿ, ನಂತರ ಪ್ರತಿ ವಾರ 5 ರೂಪಾಯಿ ಹೆಚ್ಚಿಸುತ್ತ ಹೋದರೆ 10 ವಾರಗಳಲ್ಲಿ ಒಟ್ಟು ಉಳಿತಾಯವೆಷ್ಟು? ಸೂತ್ರ ತಿಳಿಯದ ತಾಯಿಯೂ ಸಂಘದ ಲೆಕ್ಕವನ್ನು ಬಲ್ಲರು. ಅವರು ಮಗುವನ್ನು ಮೂರು ಪ್ರಶ್ನೆ ಕೇಳಿದರೆ ಸಾಕು.

(ಅ) ಮೊದಲ ವಾರ ಎಷ್ಟು, ಹತ್ತನೇ ವಾರ ಎಷ್ಟು? – 20 ರೂಪಾಯಿ ಮತ್ತು 65 ರೂಪಾಯಿ.

(ಆ) ಮೊದಲನೆಯದನ್ನೂ ಕೊನೆಯದನ್ನೂ ಕೂಡಿದರೆ ಎಷ್ಟು? ಎರಡನೆಯದನ್ನೂ ಒಂಬತ್ತನೆಯದನ್ನೂ ಕೂಡಿದರೆ ಎಷ್ಟು? – 20 ಮತ್ತು 65 ಕೂಡಿದರೆ 85. 25 ಮತ್ತು 60 ಕೂಡಿದರೂ 85.

(ಇ) ಇಂತಹ ಜೋಡಿಗಳು ಎಷ್ಟಾಗುತ್ತವೆ? – ಐದು. ಆದ್ದರಿಂದ ಒಟ್ಟು 425 ರೂಪಾಯಿ.

ಪಠ್ಯಪುಸ್ತಕದ ಸೂತ್ರವು ಹೇಳುವುದೂ ಇದನ್ನೇ. ತಾಯಿ ಇಲ್ಲಿ ಉತ್ತರವನ್ನು ಹೇಳಿಲ್ಲ, ಪ್ರಶ್ನೆಯನ್ನು ಮಾತ್ರ ಕೇಳಿದ್ದಾರೆ. ಬಂದ ಉತ್ತರ ಸರಿಯೇ ಎಂಬುದನ್ನು ಹತ್ತು ವಾರಗಳ ಹಣವನ್ನು ಬೆರಳೆಣಿಕೆಯಲ್ಲಿ ಕೂಡಿ ಪರೀಕ್ಷಿಸಲೂ ಬಹುದು. "ನೀನು ಬರೆದದ್ದನ್ನು ನನಗೆ ತಿಳಿಯುವ ಹಾಗೆ ಹೇಳು" ಎಂಬ ಒಂದು ಮಾತು ಎಲ್ಲ ವಿಷಯಗಳಿಗೂ ಅನ್ವಯಿಸುತ್ತದೆ. ಓದು ಬಾರದವರಿಗೆ ತಿಳಿಯುವಂತೆ ಹೇಳಬಲ್ಲ ಮಗುವಿಗೆ ಆ ಪಾಠ ನಿಜವಾಗಿ ತಿಳಿದಿರುತ್ತದೆ.

7. ಪೋಷಕರು ಮಾಡಬಹುದಾದ ಹಾಗೂ ಮಾಡಬಾರದ ಕೆಲಸಗಳು

ಮಾಡಬಹುದಾದವು:

• ಪ್ರತಿದಿನ ಒಂದೇ ಸಮಯವನ್ನು ಗೃಹಪಾಠಕ್ಕೆ ಮೀಸಲಿಡುವುದು. ಆ ಅವಧಿಯಲ್ಲಿ ಟಿ.ವಿ. ಹಾಗೂ ಮೊಬೈಲನ್ನು ಬಂದ್ ಮಾಡುವುದು.
• ಮಗು ಕುಳಿತು ಬರೆಯಲು ಬೆಳಕಿರುವ ಒಂದು ಮೂಲೆಯನ್ನು ಒದಗಿಸುವುದು. ವಿದ್ಯುತ್ ವ್ಯತ್ಯಯವಾಗುವ ಊರುಗಳಲ್ಲಿ ಬೆಳಿಗ್ಗೆ ಬೇಗ ಎಬ್ಬಿಸಿ ಓದಿಸುವುದು.
• ಪ್ರಶ್ನೆಯನ್ನು ಗಟ್ಟಿಯಾಗಿ ಓದಿಸುವುದು. ಪ್ರಶ್ನೆ ತಿಳಿಯದಿರುವುದೇ ಅನೇಕ ಬಾರಿ ತೊಡಕಾಗಿರುತ್ತದೆ.
• ಮಾದರಿ ಲೆಕ್ಕವನ್ನು ಪಠ್ಯಪುಸ್ತಕದಲ್ಲಿ ಹುಡುಕಿಸುವುದು.
• ಬರೆದ ಮೇಲೆ ನೋಡಿ, ತಪ್ಪಿರುವ ಸಾಲನ್ನು ತೋರಿಸಿ, ಮಗುವಿನಿಂದಲೇ ತಿದ್ದಿಸುವುದು.
• ಬಾರದ ಲೆಕ್ಕದ ಮುಂದೆ "ತಿಳಿದಿಲ್ಲ" ಎಂದು ಬರೆಸಿ, ಮರುದಿನ ಶಿಕ್ಷಕರನ್ನು ಕೇಳಲು ಹೇಳುವುದು.

ಮಾಡಬಾರದವು:

• ಮಗುವಿನ ಪುಸ್ತಕದಲ್ಲಿ ಪೋಷಕರು ಅಥವಾ ಅಣ್ಣ-ಅಕ್ಕಂದಿರು ಬರೆಯುವುದು.
• ಗೈಡ್ ಅಥವಾ ಸಹಪಾಠಿಯ ಪುಸ್ತಕವನ್ನು ಇದ್ದಕ್ಕಿದ್ದಂತೆ ನಕಲು ಮಾಡಲು ಬಿಡುವುದು.
• ಯೋಜನಾ ಕಾರ್ಯವನ್ನು ಹಣ ಕೊಟ್ಟು ಸಿದ್ಧಪಡಿಸುವುದು.
• ಬಾರದ ಲೆಕ್ಕಕ್ಕಾಗಿ ಮಗುವನ್ನು ಹೊಡೆಯುವುದು, ಪಕ್ಕದ ಮನೆಯ ಮಗುವಿನೊಂದಿಗೆ ಹೋಲಿಸಿ ಹೀಯಾಳಿಸುವುದು.

ಮಗುವಿಗೆ ತೀವ್ರ ಜ್ವರ ಬಂದಾಗ, ಕೈಗೆ ಪೆಟ್ಟಾದಾಗ ಅಥವಾ ಮನೆಯಲ್ಲಿ ಸಾವು-ನೋವು ಸಂಭವಿಸಿದಾಗ ಗೃಹಪಾಠವನ್ನು ಪೋಷಕರು ಮುಗಿಸಿಕೊಡಬೇಕಾದ ಅವಶ್ಯಕತೆಯಿಲ್ಲ. ಕಾರಣವನ್ನು ತಿಳಿಸಿ ಒಂದು ಚೀಟಿ ಕಳುಹಿಸಿದರೆ ಅಥವಾ ದೂರವಾಣಿಯಲ್ಲಿ ತಿಳಿಸಿದರೆ ಹೆಚ್ಚುವರಿ ಸಮಯವನ್ನು ಕೋರಬಹುದು. ಬರೆಯಲು ಅಥವಾ ಓದಲು ಶಾಶ್ವತ ತೊಂದರೆಯಿರುವ ವಿಶೇಷ ಚೇತನ ಮಕ್ಕಳ ವಿಷಯ ಬೇರೆ. ಅವರಿಗೆ ಅಗತ್ಯವಾದ ಸೌಲಭ್ಯಗಳನ್ನು ಮುಖ್ಯೋಪಾಧ್ಯಾಯರ ಮೂಲಕ ಮುಂಚಿತವಾಗಿಯೇ ಪಡೆದುಕೊಳ್ಳತಕ್ಕದ್ದು.

8. ಯೋಜನಾ ಕಾರ್ಯ: ಅಂಗಡಿಯಲ್ಲಿ ಕೊಳ್ಳುವುದೇಕೆ?

ಥರ್ಮೋಕೋಲ್ ಮಾದರಿ, ಬಣ್ಣದ ಮುದ್ರಿತ ಚಿತ್ರ, ಹೊಳೆಯುವ ಹೊದಿಕೆ ಇವುಗಳಿಗೆ ಕೂಲಿಯ ಒಂದು ದಿನದ ಹಣವನ್ನು ಖರ್ಚು ಮಾಡುವ ಪೋಷಕರಿದ್ದಾರೆ. ಯೋಜನಾ ಕಾರ್ಯದ ತಿರುಳು ಇರುವುದು ಮಗು ತಾನೇ ನೋಡಿ, ಕೇಳಿ, ಅಳೆದು, ಬರೆದ ಮಾಹಿತಿಯಲ್ಲಿ. ಇದಕ್ಕೆ ಬೇಕಾದ ವಿಷಯಗಳು ನಮ್ಮ ಜಿಲ್ಲೆಯಲ್ಲಿ ಹೇರಳವಾಗಿವೆ. ಶಿಕ್ಷಕರ ಒಪ್ಪಿಗೆ ಪಡೆದು ಇಂತಹ ವಿಷಯಗಳನ್ನು ಆಯ್ದುಕೊಳ್ಳಬಹುದು.

ಕೊಪ್ಪಳ: ಗವಿಮಠ ಮತ್ತು ಪಾಲ್ಕಿಗುಂಡು ಬೆಟ್ಟಗಳಲ್ಲಿ ಅಶೋಕನ ಶಾಸನಗಳಿವೆ. ಕಿನ್ನಾಳದ ಮರದ ಬೊಂಬೆಗಳಿಗೆ ಭೌಗೋಳಿಕ ಸೂಚಿಕೆಯ ಮಾನ್ಯತೆ ದೊರೆತಿದೆ. ಅಲ್ಲಿನ ಚಿತ್ರಗಾರ ಕುಟುಂಬದವರನ್ನು ಭೇಟಿ ಮಾಡಿ, ಮರದ ಆಯ್ಕೆಯಿಂದ ಬಣ್ಣದವರೆಗಿನ ಹಂತಗಳನ್ನು ಕೇಳಿ ಬರೆಯಬಹುದು. ಮುನಿರಾಬಾದ್ ಬಳಿಯ ತುಂಗಭದ್ರಾ ಅಣೆಕಟ್ಟೆಯ 33 ಗೇಟುಗಳಲ್ಲಿ 19ನೆಯದು 2024ರ ಆಗಸ್ಟ್ 10ರ ರಾತ್ರಿ ಕೊಚ್ಚಿಹೋಯಿತು. ಹರಿಯುವ ನೀರಿನಲ್ಲಿಯೇ ತಾತ್ಕಾಲಿಕ ತಡೆಯನ್ನು ಅಳವಡಿಸಿ ನೀರನ್ನು ಉಳಿಸಿಕೊಳ್ಳಲಾಯಿತು. ಆ ದಿನಗಳಲ್ಲಿ ತಮ್ಮ ಊರಿನ ರೈತರು ಪಟ್ಟ ಆತಂಕವನ್ನು ಮಕ್ಕಳು ಕೇಳಿ ದಾಖಲಿಸಬಹುದು.

ಗಂಗಾವತಿ: ಎಡದಂಡೆ ಕಾಲುವೆ, ಭತ್ತದ ಬೆಳೆ ಮತ್ತು ಅಕ್ಕಿ ಗಿರಣಿ. ಒಂದು ಕ್ವಿಂಟಲ್ ಭತ್ತದಿಂದ ಅಕ್ಕಿ, ನುಚ್ಚು, ತೌಡು, ಹೊಟ್ಟು ಎಷ್ಟೆಷ್ಟು ದೊರೆಯುತ್ತವೆ ಎಂದು ಗಿರಣಿಯಲ್ಲಿ ಕೇಳಿ ಶೇಕಡಾವಾರು ಲೆಕ್ಕ ಹಾಕಬಹುದು. ಆನೆಗೊಂದಿಯ ಸ್ಮಾರಕಗಳ ಪಟ್ಟಿ ತಯಾರಿಸಬಹುದು.

ಕುಷ್ಟಗಿ: ಮಳೆಯಾಶ್ರಿತ ಬೇಸಾಯ. ಜೋಳ, ಸಜ್ಜೆ, ಕಡಲೆ ಬೆಳೆಗಳ ಬಿತ್ತನೆಯಿಂದ ಮಾರಾಟದವರೆಗಿನ ಜಮಾ-ಖರ್ಚನ್ನು ತಂದೆಯಿಂದ ಕೇಳಿ ಬರೆಯುವುದು ಉತ್ತಮವಾದ ಯೋಜನಾ ಕಾರ್ಯವಾಗುತ್ತದೆ.

ಯಲಬುರ್ಗಾ: ಹಿಂದೆ ಈ ತಾಲ್ಲೂಕಿನಲ್ಲಿದ್ದು ಈಗ ಕುಕನೂರು ತಾಲ್ಲೂಕಿಗೆ ಸೇರಿರುವ ಇಟಗಿಯ ಮಹಾದೇವ ದೇವಾಲಯವನ್ನು ಕ್ರಿ.ಶ. 1112ರಲ್ಲಿ ಚಾಲುಕ್ಯ ಆರನೇ ವಿಕ್ರಮಾದಿತ್ಯನ ದಂಡನಾಯಕ ಮಹಾದೇವನು ಕಟ್ಟಿಸಿದನು. ಕುಕನೂರಿನ ನವಲಿಂಗ ದೇವಾಲಯವು ಅದಕ್ಕೂ ಹಿಂದಿನ ರಾಷ್ಟ್ರಕೂಟರ ಕಾಲದ್ದು. ಎರಡನ್ನೂ ನೋಡಿ ಕಂಬ, ಶಿಖರ, ಕಲ್ಲುಗಳ ವ್ಯತ್ಯಾಸವನ್ನು ಚಿತ್ರ ಬರೆದು ತೋರಿಸಬಹುದು.

ಇಂತಹ ಕೆಲಸದಲ್ಲಿ ಪೋಷಕರು ಮಾಹಿತಿ ನೀಡುವವರಾಗುತ್ತಾರೆ, ಬರೆಯುವವರಾಗುವುದಿಲ್ಲ. ಬಸ್ ಚಾರ್ಜು ಕೊಡುವುದು, ಹಿರಿಯರ ಬಳಿ ಕರೆದೊಯ್ಯುವುದು, ತಮ್ಮ ಅನುಭವವನ್ನು ಹೇಳುವುದು ಇವೆಲ್ಲ ನ್ಯಾಯವಾದ ನೆರವು. ಬಿಳಿ ಹಾಳೆಯ ಮೇಲೆ ಮಗು ತನ್ನ ಕೈಯಿಂದ ಬರೆದ ನಾಲ್ಕು ಪುಟಗಳು ಸಾಕಾಗುತ್ತವೆ. ಶಿಕ್ಷಕರು ಪ್ರಶ್ನೆ ಕೇಳಿದಾಗ ತಾನೇ ಮಾಡಿದ ಮಗು ಮಾತ್ರ ಉತ್ತರಿಸಬಲ್ಲದು.

9. ಮೊಬೈಲ್ ಮತ್ತು ಕೃತಕ ಬುದ್ಧಿಮತ್ತೆ

ಪ್ರಶ್ನೆಯ ಫೋಟೋ ತೆಗೆದರೆ ಕ್ಷಣದಲ್ಲಿ ಉತ್ತರ ನೀಡುವ ಕೃತಕ ಬುದ್ಧಿಮತ್ತೆಯ ಆ್ಯಪ್‌ಗಳು ಈಗ ಕನ್ನಡದಲ್ಲಿಯೂ ಲಭ್ಯವಿವೆ. ಪೋಷಕರು ಬರೆದುಕೊಡುವುದಕ್ಕೂ ಮೊಬೈಲ್ ಬರೆದುಕೊಡುವುದಕ್ಕೂ ವ್ಯತ್ಯಾಸವಿಲ್ಲ. ಜೊತೆಗೆ ಇಂತಹ ಉತ್ತರಗಳಲ್ಲಿ ತಪ್ಪು ಮಾಹಿತಿಯೂ ಸೇರಿರುತ್ತದೆ. ಮಗು ಮೊದಲು ತಾನೇ ಪ್ರಯತ್ನಿಸಿ, ನಂತರ ತನ್ನ ಉತ್ತರವನ್ನು ಪಠ್ಯಪುಸ್ತಕದೊಂದಿಗೆ ಹೋಲಿಸುವುದು ಸರಿಯಾದ ಕ್ರಮ. ಪಾಠ ತಿಳಿಯದಿದ್ದಲ್ಲಿ ದೀಕ್ಷಾ ವೇದಿಕೆಯಲ್ಲಿರುವ ಪಾಠಗಳನ್ನು ನೋಡಬಹುದು. ಮೊಬೈಲನ್ನು ಮಗುವಿಗೆ ನೀಡುವಾಗ ಮನೆಯ ನಡುವಿನ ಜಾಗದಲ್ಲಿ, ಹಿರಿಯರ ಎದುರಿನಲ್ಲಿ, ನಿಗದಿತ ಅವಧಿಗೆ ಮಾತ್ರ ನೀಡುವುದು ಸೂಕ್ತ.

10. ಗೃಹಪಾಠಕ್ಕೆ ಸಮಯವೇ ಇಲ್ಲದ ಮಕ್ಕಳು

ಕೆಲವು ಮನೆಗಳಲ್ಲಿ ಸಮಸ್ಯೆ ಇದಕ್ಕೆ ವಿರುದ್ಧವಾಗಿದೆ. ಶಾಲೆಯಿಂದ ಬಂದ ಮಗು ದನಕರು, ನೀರು, ಅಡುಗೆ, ತಮ್ಮ-ತಂಗಿಯರ ಆರೈಕೆ, ಹೊಲದ ಕೆಲಸ ಇವುಗಳಲ್ಲಿ ತೊಡಗಿ ರಾತ್ರಿ ಪುಸ್ತಕ ಹಿಡಿಯುವ ಹೊತ್ತಿಗೆ ದಣಿದಿರುತ್ತದೆ. ವಿಶೇಷವಾಗಿ ಹೆಣ್ಣುಮಕ್ಕಳಲ್ಲಿ ಇದು ಹೆಚ್ಚು. ಇಂತಹ ಮಗುವಿನ ಗೃಹಪಾಠವನ್ನು ಅಣ್ಣನು ಬರೆದುಕೊಡುವುದರಿಂದ ಪರಿಹಾರ ದೊರೆಯದು. ಮನೆಯ ಕೆಲಸವನ್ನು ಗಂಡು-ಹೆಣ್ಣೆಂಬ ಭೇದವಿಲ್ಲದೆ ಹಂಚಿ, ಪ್ರತಿ ಮಗುವಿಗೂ ಎರಡು ಗಂಟೆಯ ಬಿಡುವನ್ನು ಕೊಡುವುದೇ ಪರಿಹಾರ. ಗೃಹಪಾಠ ಬರೆದುಕೊಡುವ ಪ್ರೀತಿಯನ್ನು ಪೋಷಕರು ಈ ರೀತಿಯಲ್ಲಿ ತೋರಿಸಿದರೆ ಮಗುವಿಗೆ ಹೆಚ್ಚಿನ ಉಪಕಾರವಾಗುತ್ತದೆ.

2016ರಲ್ಲಿ ತಿದ್ದುಪಡಿಯಾದ ಬಾಲಕಾರ್ಮಿಕ ಕಾಯ್ದೆಯಂತೆ 14 ವರ್ಷದೊಳಗಿನ ಮಕ್ಕಳನ್ನು ಯಾವುದೇ ಕೆಲಸಕ್ಕೆ ನೇಮಿಸಿಕೊಳ್ಳುವುದನ್ನು ನಿಷೇಧಿಸಲಾಗಿದೆ. ಅಪಾಯಕಾರಿಯಲ್ಲದ ಕುಟುಂಬದ ಕೆಲಸದಲ್ಲಿ ಶಾಲಾ ಅವಧಿಯ ನಂತರ ಅಥವಾ ರಜೆಯಲ್ಲಿ ನೆರವಾಗಬಹುದಾದರೂ ಓದಿಗೆ ಅಡ್ಡಿಯಾಗಬಾರದು. 14ರಿಂದ 18 ವರ್ಷದವರನ್ನು ಅಪಾಯಕಾರಿ ಉದ್ಯೋಗಗಳಲ್ಲಿ ತೊಡಗಿಸುವಂತಿಲ್ಲ. ಮಕ್ಕಳಿಗೆ ಸಂಬಂಧಿಸಿದ ತುರ್ತು ನೆರವಿಗಾಗಿ ಮಕ್ಕಳ ಸಹಾಯವಾಣಿ 1098 ಲಭ್ಯವಿದೆ.

ಮಳೆಯಾಶ್ರಿತ ಊರುಗಳಿಂದ ಗುಳೆ ಹೋಗುವ ಕುಟುಂಬಗಳು ಮಗುವನ್ನು ಜೊತೆಯಲ್ಲಿ ಕರೆದೊಯ್ದು ವರ್ಷದ ನಡುವೆ ಓದು ನಿಲ್ಲಿಸಬಾರದು. ಹೊರಡುವ ಮುನ್ನ ಮುಖ್ಯೋಪಾಧ್ಯಾಯರನ್ನು ಭೇಟಿ ಮಾಡಿ, ಮಗುವನ್ನು ಬಂಧುಗಳ ಮನೆಯಲ್ಲಿ ಅಥವಾ ಸಮಾಜ ಕಲ್ಯಾಣ, ಹಿಂದುಳಿದ ವರ್ಗಗಳ ಕಲ್ಯಾಣ ಮುಂತಾದ ಇಲಾಖೆಗಳ ವಿದ್ಯಾರ್ಥಿನಿಲಯದಲ್ಲಿ ಇರಿಸುವ ಸಾಧ್ಯತೆಯನ್ನು ವಿಚಾರಿಸತಕ್ಕದ್ದು. ದೂರದಲ್ಲಿರುವ ಪೋಷಕರು ವಾರಕ್ಕೆರಡು ಬಾರಿ ಫೋನ್ ಮಾಡಿ "ಈ ವಾರ ಯಾವ ಪಾಠ ಆಯಿತು, ಯಾವುದು ತಿಳಿಯಲಿಲ್ಲ" ಎಂದು ಕೇಳುವುದೂ ಬಹು ದೊಡ್ಡ ನೆರವು.

11. ಅರ್ಜಿ ಭರ್ತಿ ಮಾಡುವುದೂ ಒಂದು ಅಭ್ಯಾಸ

ಹತ್ತನೇ ತರಗತಿಯ ನಂತರ ವಿದ್ಯಾರ್ಥಿಯು ಹಲವು ಸೇವೆಗಳಿಗೆ ಅರ್ಜಿ ಸಲ್ಲಿಸಬೇಕಾಗುತ್ತದೆ: ನಾಡಕಚೇರಿಯ ಅಟಲ್‌ಜೀ ಜನಸ್ನೇಹಿ ಕೇಂದ್ರದಲ್ಲಿ ಜಾತಿ ಮತ್ತು ಆದಾಯ ಪ್ರಮಾಣ ಪತ್ರ, ರಾಜ್ಯ ವಿದ್ಯಾರ್ಥಿವೇತನ ತಂತ್ರಾಂಶದಲ್ಲಿ (ಎಸ್.ಎಸ್.ಪಿ.) ಮೆಟ್ರಿಕ್ ನಂತರದ ವಿದ್ಯಾರ್ಥಿವೇತನ, ವಿದ್ಯಾರ್ಥಿನಿಲಯ ಪ್ರವೇಶ, ಹಾಗೂ ಸಂವಿಧಾನದ 371(ಜೆ) ಅಡಿಯಲ್ಲಿ ಕಲ್ಯಾಣ ಕರ್ನಾಟಕ ಭಾಗದವರಿಗೆ ಸಹಾಯಕ ಆಯುಕ್ತರು ನೀಡುವ ಅರ್ಹತಾ ಪ್ರಮಾಣ ಪತ್ರ. ಹೆಸರಿನ ಒಂದು ಅಕ್ಷರ ವ್ಯತ್ಯಾಸವಾದರೂ ಆಧಾರ್, ಅಂಕಪಟ್ಟಿ ಮತ್ತು ಬ್ಯಾಂಕ್ ಖಾತೆಗಳು ಹೊಂದಾಣಿಕೆಯಾಗದೆ ಅರ್ಜಿ ತಡವಾಗುವುದುಂಟು.

ಅರ್ಜಿಗಳನ್ನು ಸೈಬರ್ ಅಂಗಡಿಯವರ ಕೈಗೆ ಒಪ್ಪಿಸಿ ಸುಮ್ಮನಿರುವ ಬದಲು, ಮಗುವಿನಿಂದಲೇ ಮೊದಲು ಬಿಳಿ ಹಾಳೆಯಲ್ಲಿ ಭರ್ತಿ ಮಾಡಿಸಿ, ದಾಖಲೆಗಳೊಂದಿಗೆ ಹೋಲಿಸಿ, ನಂತರ ಸಲ್ಲಿಸುವುದು ಸೂಕ್ತ. ತನ್ನ ಗೃಹಪಾಠವನ್ನು ತಾನೇ ಓದಿ ಬರೆದ ಮಗುವಿಗೆ ಅರ್ಜಿಯ ಸೂಚನೆಗಳನ್ನು ಓದಿ ತಿಳಿಯುವುದು ಕಷ್ಟವಾಗದು. 371(ಜೆ) ಮೀಸಲಾತಿಯು ಈ ಭಾಗದ ಮಕ್ಕಳ ಹಕ್ಕಾಗಿದ್ದು, ಇದರಿಂದ ಇಂಜಿನಿಯರಿಂಗ್, ವೈದ್ಯಕೀಯ ಮುಂತಾದ ವ್ಯಾಸಂಗಗಳ ಬಾಗಿಲು ತೆರೆದಿದೆ. ಒಳಗೆ ಹೋದ ಮೇಲೆ ಓದನ್ನು ಪೂರ್ಣಗೊಳಿಸಲು ಬೇಕಾದ ಶಕ್ತಿ ಪ್ರೌಢಶಾಲೆಯ ಮೂರು ವರ್ಷಗಳಲ್ಲಿಯೇ ರೂಪುಗೊಳ್ಳಬೇಕು.

12. ಪದೇ ಪದೇ ಕೇಳಲಾಗುವ ಪ್ರಶ್ನೆಗಳು

ಪ್ರಶ್ನೆ: ಬೇರೆ ಪೋಷಕರು ಮಾಡಿಕೊಡುತ್ತಾರೆ. ನಮ್ಮ ಮಗುವಿಗೆ ಮಾತ್ರ ಅಂಕ ಕಡಿಮೆಯಾಗುವುದಿಲ್ಲವೇ?
ಉತ್ತರ: ಒಂದೆರಡು ಅಂಕ ಕಡಿಮೆಯಾಗಬಹುದು. ಲಿಖಿತ ಪರೀಕ್ಷೆಯಲ್ಲಿ ಅದಕ್ಕಿಂತ ಹೆಚ್ಚನ್ನು ಗಳಿಸುವ ಅವಕಾಶವಿರುತ್ತದೆ. ಮಗುವಿನ ಸ್ವಂತ ಕೆಲಸವನ್ನು ಪರಿಗಣಿಸುವಂತೆ ಪೋಷಕರ ಸಭೆಯಲ್ಲಿ ಕೋರಬಹುದು.

ಪ್ರಶ್ನೆ: ಗೃಹಪಾಠ ಮಾಡದಿದ್ದರೆ ಶಿಕ್ಷೆ ನೀಡಬಹುದೆಂದು ಮಗು ಹೆದರುತ್ತದೆ. ಏನು ಮಾಡಬೇಕು?
ಉತ್ತರ: 6ರಿಂದ 14 ವರ್ಷದ ಮಕ್ಕಳಿಗೆ ದೈಹಿಕ ಶಿಕ್ಷೆ ಮತ್ತು ಮಾನಸಿಕ ಕಿರುಕುಳ ನೀಡುವುದನ್ನು ಶಿಕ್ಷಣ ಹಕ್ಕು ಕಾಯ್ದೆ 2009ರ 17ನೇ ಪ್ರಕರಣವು ನಿಷೇಧಿಸಿದೆ. ಮೊದಲು ಮುಖ್ಯೋಪಾಧ್ಯಾಯರೊಂದಿಗೆ ಮಾತನಾಡಿ. ಪರಿಹಾರ ದೊರೆಯದಿದ್ದಲ್ಲಿ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ (ಎಸ್.ಡಿ.ಎಂ.ಸಿ.) ಹಾಗೂ ಕ್ಷೇತ್ರ ಶಿಕ್ಷಣಾಧಿಕಾರಿಗಳ ಗಮನಕ್ಕೆ ತರಬಹುದು.

ಪ್ರಶ್ನೆ: ಇದುವರೆಗೆ ನಾವೇ ಮಾಡಿಕೊಡುತ್ತಿದ್ದೆವು. ಒಮ್ಮೆಲೇ ನಿಲ್ಲಿಸಬೇಕೇ?
ಉತ್ತರ: ಹಂತಹಂತವಾಗಿ ನಿಲ್ಲಿಸಬಹುದು. ಮೊದಲ ವಾರ ಪಕ್ಕದಲ್ಲಿ ಕುಳಿತು ಪ್ರಶ್ನೆ ಕೇಳುವುದು, ಎರಡನೇ ವಾರ ಅದೇ ಕೋಣೆಯಲ್ಲಿ ತಮ್ಮ ಕೆಲಸ ಮಾಡಿಕೊಂಡಿರುವುದು, ಮೂರನೇ ವಾರದಿಂದ ಮುಗಿದ ಮೇಲೆ ಮಾತ್ರ ನೋಡುವುದು. ಮೊದಲಿಗೆ ತಪ್ಪುಗಳು ಹೆಚ್ಚಾಗಿ ಕಾಣುತ್ತವೆ. ಇದರಿಂದ ಗಾಬರಿಯಾಗಬೇಕಿಲ್ಲ. ಹೊಸದಾಗಿ ಬಂದ ತಪ್ಪುಗಳಲ್ಲ ಅವು, ಮುಚ್ಚಿಹೋಗಿದ್ದವು ಮಾತ್ರ.

ಪ್ರಶ್ನೆ: ಟ್ಯೂಷನ್‌ಗೆ ಕಳುಹಿಸುವುದು ಅನಿವಾರ್ಯವೇ?
ಉತ್ತರ: ಅನಿವಾರ್ಯವಲ್ಲ. ಶಾಲೆಯಲ್ಲಿ ಪರಿಹಾರ ಬೋಧನೆ ಅಥವಾ ವಿಶೇಷ ತರಗತಿ ನಡೆಯುತ್ತಿದ್ದಲ್ಲಿ ಮೊದಲು ಅದನ್ನು ಬಳಸಿಕೊಳ್ಳಿ. ಗೃಹಪಾಠವನ್ನು ಬರೆಸಿಬಿಡುವ ಟ್ಯೂಷನ್ನಿನಿಂದ ಪ್ರಯೋಜನವಿಲ್ಲ.

ಪ್ರಶ್ನೆ: ಒಂದೇ ಓಣಿಯ ಮಕ್ಕಳು ಕೂಡಿ ಗೃಹಪಾಠ ಮಾಡಬಹುದೇ?
ಉತ್ತರ: ಮಾಡಬಹುದು. ಕೂಡಿ ಚರ್ಚಿಸಿ, ಬರೆಯುವಾಗ ಪ್ರತಿಯೊಬ್ಬರೂ ಪ್ರತ್ಯೇಕವಾಗಿ ಬರೆಯಬೇಕು.

13. ಹೆಚ್ಚಿನ ಮಾಹಿತಿಗಾಗಿ

ಪೋಷಕರು ಮೊದಲು ತರಗತಿ ಶಿಕ್ಷಕರನ್ನು, ನಂತರ ಮುಖ್ಯೋಪಾಧ್ಯಾಯರನ್ನು ಸಂಪರ್ಕಿಸತಕ್ಕದ್ದು. ಅಗತ್ಯವಿದ್ದಲ್ಲಿ ಕೊಪ್ಪಳ, ಗಂಗಾವತಿ, ಕುಷ್ಟಗಿ ಮತ್ತು ಯಲಬುರ್ಗಾದಲ್ಲಿರುವ ಕ್ಷೇತ್ರ ಶಿಕ್ಷಣಾಧಿಕಾರಿಗಳ ಕಚೇರಿಗಳನ್ನು ಅಥವಾ ಕೊಪ್ಪಳದಲ್ಲಿರುವ ಶಾಲಾ ಶಿಕ್ಷಣ ಇಲಾಖೆಯ ಉಪನಿರ್ದೇಶಕರ ಕಚೇರಿಯನ್ನು ಕಚೇರಿ ವೇಳೆಯಲ್ಲಿ ಸಂಪರ್ಕಿಸಬಹುದು. ಭೇಟಿಯ ಸಮಯದಲ್ಲಿ ಮಗುವಿನ ಗೃಹಪಾಠ ಪುಸ್ತಕವನ್ನು, ಅದು ಹೇಗಿದೆಯೋ ಹಾಗೆಯೇ, ತಪ್ಪುಗಳ ಸಹಿತ ತರುವುದು. ಮಗುವಿಗೆ ಯಾವ ನೆರವು ಬೇಕೆಂಬುದನ್ನು ಆ ಪುಸ್ತಕವೇ ತಿಳಿಸುತ್ತದೆ.